ಮಲಿಕ್ ಅಂಬರ್ ಮತ್ತು ನಮ್ಮ ಟ್ಯೂಷನ್ ಮಕ್ಕಳು

ಅಮೆರಿಕದ ಶಾಲೆಗಳಲ್ಲಿ ಫೆಬ್ರವರಿ ಬಂತೆಂದರೆ ಕಪ್ಪು ಜನರ ಇತಿಹಾಸ ಹೇಳಿಕೊಡ್ತಾರೆ. 1926ರಲ್ಲಿ ಕಾರ್ಟರ್ ವುಡ್ಸನ್ ಅನ್ನೋ ಇತಿಹಾಸಕಾರರು ಒಂದು ವಾರದ ಆಚರಣೆಯಾಗಿ ಶುರು ಮಾಡಿದ್ದು, 1976ರಲ್ಲಿ ತಿಂಗಳಾಯ್ತು. ಅಲ್ಲಿ ಎರಡನೇ ಕ್ಲಾಸು ಓದೋ ನನ್ನ ಅಕ್ಕನ ಮಗಳು, ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಚಿತ್ರ ಬರೆದು ಕಳಿಸಿದ್ದಳು. ನನ್ನ ಟ್ಯೂಷನ್ ಮಕ್ಕಳಿಗೆ ತೋರಿಸಿದೆ. (ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಸಂಜೆ ಐದಾದರೆ ಬೀದಿಗೆರಡು ಟ್ಯೂಷನ್ನು!) ನೋಡಿದ್ದೇ ತಡ ಒಬ್ಬ ಪಕ್ಕದವನನ್ನ ತೋರಿಸಿ, "ಆಂಟಿ, ಇವನ ಅಜ್ಜಿ!" ಅಂದ. ಎಲ್ಲರೂ ಗೊಳ್ಳೆಂದರು. ಆ ಹುಡುಗನೂ ನಕ್ಕ. ಬೀದಿಯಲ್ಲಿ ಅವನ ಹೆಸರೇ 'ಕರಿಯ'. ನಕ್ಕು ನಕ್ಕು ರೂಢಿಯಾಗಿದೆ ಪಾಪದ್ದಕ್ಕೆ.

ಅವತ್ತು ಮಗ್ಗಿ ಪಕ್ಕಕ್ಕಿಟ್ಟು ಮಲಿಕ್ ಅಂಬರನ ಕಥೆ ಹೇಳಿದೆ. ಗುಲಾಮಗಿರಿಯಿಂದಲೇ ಶುರು ಮಾಡಿದರೆ ಮಕ್ಕಳ ಮನಸ್ಸಲ್ಲಿ ಬರೀ 'ಅಯ್ಯೋ ಪಾಪ' ಉಳಿಯುತ್ತೆ. ಅಯ್ಯೋ ಪಾಪಕ್ಕೂ ಗೇಲಿಗೂ ಬಹಳ ದೂರ ಇಲ್ಲ ಅಂತ ನನ್ನ ಅನುಮಾನ. ಅದಕ್ಕೇ ಮೊದಲು ಯುದ್ಧ! ಅಹಮದನಗರದ ರಾಜ್ಯವನ್ನೇ ನಡೆಸಿದವನು, ಖಡಕಿ ಅನ್ನೋ ಊರು ಕಟ್ಟಿದವನು (ಮುಂದೆ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ), ಮೊಗಲರ ಸೈನ್ಯವನ್ನ ವರ್ಷಗಟ್ಟಲೆ ಕಾಡಿದವನು. ಅಂಬರನ ಕಡಿದ ತಲೆಗೆ ತಾನು ಬಾಣ ಹೊಡೆಯುವ ಹಾಗೆ ಜಹಾಂಗೀರ್ ಒಂದು ಚಿತ್ರ ಬರೆಸಿಕೊಂಡ. ಆಗ ಅಂಬರ್ ಗಟ್ಟಿಮುಟ್ಟಾಗಿ ಬದುಕಿದ್ದ, ತೀರಿಕೊಂಡದ್ದು 1626ರಲ್ಲಿ.

"ಚೀಟಿಂಗ್!" ಅಂತ ಮಕ್ಕಳು ಕೂಗಿದರು. ಈ ಸಲ ನಗು ಬಾದಶಹನ ಮೇಲೆ.

ಆಮೇಲೆ ಹೇಳಿದೆ, ಅವನು ಇಥಿಯೋಪಿಯಾದಲ್ಲಿ ಹುಟ್ಟಿದವನು, ಚಿಕ್ಕವನಿದ್ದಾಗಲೇ ಮಾರಾಟವಾದವನು, ಅಂತ. ಒಬ್ಬಳು ಕೇಳಿದಳು, "ಮಾರಿದವರನ್ನ ಪೊಲೀಸರು ಹಿಡೀಲಿಲ್ವಾ ಆಂಟಿ?"

ಇದೇ ನೋಡಿ ಕಷ್ಟ. ಮಕ್ಕಳ ಲೆಕ್ಕದಲ್ಲಿ ತಪ್ಪು ಅಂದರೆ ಪೊಲೀಸರು ಹಿಡಿಯೋದು. ಆಗ ಕಾನೂನೇ ಅದನ್ನ ಒಪ್ಪಿತ್ತು, ಮನುಷ್ಯರನ್ನ ಎಮ್ಮೆ ಮಾರಿದ ಹಾಗೆ ಹಗಲಲ್ಲೇ ಮಾರುತ್ತಿದ್ದರು ಅಂತ ಎಂಟು ವರ್ಷದವಳಿಗೆ ಹೇಗೆ ಹೇಳೋದು? ಹಾಗೇ ಹೇಳಿದೆ. ದೂರದ ಮಾತಲ್ಲ, ಪಕ್ಕದ ಗೋವಾದಲ್ಲೂ ಪೋರ್ಚುಗೀಸರು ಆಫ್ರಿಕಾದವರನ್ನ ಹಡಗಿನಲ್ಲಿ ತಂದು ಮಾರುತ್ತಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳಲ್ಲಿ ಅವರ ವಂಶದವರಿದ್ದಾರೆ.

"ಕರ್ನಾಟಕದಲ್ಲೇನಾ? ಕನ್ನಡ ಬರುತ್ತಾ ಅವ್ರಿಗೆ?"

ಬರುತ್ತೆ, ಮನೆಯಲ್ಲಿ ಮಾತ್ರ ಹೆಚ್ಚಾಗಿ ಕೊಂಕಣಿ ಅಂದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ ಅಂದಾಗ ಯಾರಿಗೂ ಆಶ್ಚರ್ಯ ಆಗಲಿಲ್ಲ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಿದ್ದು ಅವರಿಗೆ ಅರ್ಥವಾಗೋ ವಯಸ್ಸಲ್ಲ, ಬೇಗ ದಾಟಿದೆ. ಸಿದ್ದಿ ಹೆಂಗಸರು ಹಳೇ ಸೀರೆಗಳಿಂದ ಬಣ್ಣಬಣ್ಣದ ಕೌದಿ ಹೊಲೀತಾರೆ ಅಂದಾಗ ಮಾತ್ರ ಗದ್ದಲವೋ ಗದ್ದಲ. ಇವರ ಮನೆಗಳಲ್ಲೂ ಕೌದಿ ಇದೆಯಲ್ಲ! ಯಾರ ಮನೇದು ದೊಡ್ಡದು ಅಂತ ಜಗಳ ಶುರುವಾಗಿ, ಏಳರ ಮಗ್ಗಿ ಮರುದಿನಕ್ಕೆ ಹೋಯ್ತು.