ಮಾಂಸ ಬಿಟ್ಟೆ, ಸಿಟ್ಟು ಬಿಡ್ಲಿಲ್ಲ

ಬೂದಿ ಬುಧವಾರದಿಂದ ನಮ್ಮನೇಲಿ ಮಾಂಸ ಇಲ್ಲ. ಈಸ್ಟರ್ ತನಕ ಹುರುಳಿಕಾಳು ಸಾರು, ಸೊಪ್ಪು. ಬಿಡೋದೇನೂ ಕಷ್ಟ ಆಗ್ಲಿಲ್ಲ. ನಿಜ ಹೇಳ್ಬೇಕಂದ್ರೆ, ನಾಲ್ಕು ಜನ ನೋಡ್ಲಿ ಅಂತಾನೂ ಒಳಗೆ ಇತ್ತು.

ಹೋದ ಶುಕ್ರವಾರ ಶಿಲುಬೆ ಹಾದಿಗೆ ಹೋಗಿದ್ದೆ. 6ನೇ ಸ್ಥಳ, ವೆರೋನಿಕಾ ಯೇಸುಸ್ವಾಮಿ ಮುಖ ಒರೆಸೋದು. ನನ್ನ ಪಕ್ಕದಲ್ಲೇ ನಮ್ಮ ವಾರಗಿತ್ತಿ ಮೊಣಕಾಲೂರಿ ಒಂದೇ ಸಮ ಕೆಮ್ತಾ ಇದ್ಲು. ಅತ್ತೆ ತೀರ್ಕೊಂಡ ಮೇಲೆ ಒಡವೆ ವಿಷಯಕ್ಕೆ ಜಗಳ ಆಗಿ 2 ವರ್ಷದಿಂದ ನಮಗೆ ಮಾತಿಲ್ಲ. ನನ್ನ ಬ್ಯಾಗಲ್ಲಿ ನೀರಿನ ಬಾಟ್ಲಿ ಇತ್ತು. 14ನೇ ಸ್ಥಳ ಮುಗಿಯೋವರ್ಗೂ ಕೊಡಕ್ಕೆ ಕೈ ಬರ್ಲಿಲ್ಲ ಕಣ್ರೀ.

ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಡಬ್ಬೀಲಿ ಬಿಸಿ ಸಾರು ಹಾಕ್ಕೊಂಡು ಹೋಗಿ ಅವಳ ಬಾಗಿಲು ತಟ್ಟಿದೆ. "ಬಾ ಅಕ್ಕ" ಅಂದ್ಲು. ಒಡವೆ ಮಾತು ಇನ್ನೂ ಇಬ್ರೂ ಎತ್ತಿಲ್ಲ.