ತುದಿ ಕತ್ತರಿಸಿದ ಮೇಲೆ

ಅರಸೀಕೆರೆ ಕಡೆಯವರಿಗೆ ಗಿಡದ ತುದಿ ಕಡಿಯಲು ಕೈ ಬರುವುದಿಲ್ಲ. ನಮ್ಮದು ತೆಂಗಿನ ಸೀಮೆ, ತೆಂಗಿಗೆ ಇರುವುದು ಒಂದೇ ಸುಳಿ. ಗರಿ ಬಿದ್ದರೆ ಇನ್ನೊಂದು ಬರುತ್ತದೆ. ಹೊಂಬಾಳೆ ಒಣಗಿದರೆ ಮುಂದಿನದಕ್ಕೆ ಕಾಯಬಹುದು. ಸುಳಿಗೆ ಕೊಳೆರೋಗ ಬಂದರೆ, ಕೆಂಪು ಮೂತಿ ಹುಳು ತಿಂದರೆ, 30 ವರ್ಷದ ಮರವೂ ಬರಿಯ ಕಂಬ. ಮತ್ತೆ ಚಿಗುರಲು ಅದರ ಕಾಂಡದಲ್ಲಿ ಇನ್ನೊಂದು ಮೊಗ್ಗು ಇಲ್ಲ.

ಹಳೇಬೀಡು ದಾಟಿ ಬೇಲೂರಿಗೆ, ಅಲ್ಲಿಂದ ಅರೇಹಳ್ಳಿ, ಬಿಕ್ಕೋಡಿನ ಕಡೆಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಕಾಫಿ. ಎರಡೂವರೆ ಅಡಿ ಬೆಳೆದ ಅರೇಬಿಕಾ ಗಿಡದ ತುದಿಯನ್ನು ಅಡ್ಡ ಕೊಂಬೆಗಳು ಬಲಿಯಲಿ ಎಂದು ಕತ್ತರಿಸುತ್ತಾರೆ. ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರನ್ನು ಕಂಡಾಗಲೆಲ್ಲ ಕೀಳುತ್ತಾರೆ. ಆದರೆ ಗಿಡ ಮುದಿಯಾದಾಗ ಅದೇ ಕಂಬಚಿಗುರಿಗೆ ಕಾಲ ಬರುತ್ತದೆ. ನೆಲದಿಂದ ಅಡಿಯೆತ್ತರಕ್ಕೆ ಕಾಂಡವನ್ನು ಓರೆಯಾಗಿ ಕೊಯ್ದು, ಆಮೇಲೆ ಏಳುವ ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿಕೊಳ್ಳುತ್ತಾರೆ. ಹಳೆಯ ಬೇರಿನ ಮೇಲೆ ಹೊಸ ಗಿಡ.

ನಮ್ಮ ತೋಟಕ್ಕೆ ಇಂಥ ವಿದ್ಯೆ ತಂದವಳು ಅಕ್ಕ. ತೆಂಗಿನ ಪಕ್ಕದ ಅರ್ಧ ಎಕರೆಗೆ ಅವಳು ದಾಳಿಂಬೆ ಹಾಕಿದಳು. ದಾಳಿಂಬೆಯನ್ನು ಒಂಟಿ ಕಾಂಡದಲ್ಲಿ ಬೆಳೆಸಿದರೆ ನೋಡಲು ಚೆಂದ, ಬುಡದಲ್ಲಿ ಕೆಲಸವೂ ಸಲೀಸು. ಆದರೆ ಕಾಂಡ ಕೊರೆಯುವ ಹುಳು ಹೊಕ್ಕರೆ ಇಡೀ ಗಿಡವೇ ಹೋಗುತ್ತದೆ. ಅದಕ್ಕೇ ಬುಡದಿಂದ ಮೂರು ನಾಲ್ಕು ಕಾಂಡ ಬಿಡುವುದು. ಒಂದು ಸತ್ತರೂ ಮಿಕ್ಕವು ಫಸಲು ಕೊಡುತ್ತವೆ.

ಎಳೆಯ ಗಿಡಗಳ ತುದಿಯನ್ನು ಅಕ್ಕ ಸಾಲಾಗಿ ಕತ್ತರಿಸಿದಾಗ ಅಪ್ಪ ಎರಡು ದಿನ ಆ ಕಡೆ ಸುಳಿಯಲಿಲ್ಲ. “ಬೆಳೆಯೋ ಸುಳೀನೇ ತೆಗೆದ್ಯಲ್ಲೇ” ಎಂದಷ್ಟೇ ಅಂದರು. ಕೆಲವು ವಾರಗಳಲ್ಲಿ ಬುಡದ ಸುತ್ತ ಕೆಂಪು ಚಿಗುರು ಎದ್ದಿತು. ಅಕ್ಕ ಹೊರಮುಖವಾಗಿ, ಒಂದಕ್ಕೊಂದು ತಾಗದಂತೆ ನಿಂತ ನಾಲ್ಕನ್ನು ಬಿಟ್ಟು ಉಳಿದದ್ದನ್ನು ಚಿವುಟಿ ಹಾಕಿದಳು.

ನಾನು ಸಸ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಅವಳು ಕೈಯಲ್ಲಿ ಮಾಡಿದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಏಳಗೊಡುವುದಿಲ್ಲ ಎಂದು 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ತೋರಿಸಿದರು. ಅದು ತುದಿ ಹಾಕಿದ ಅಪ್ಪಣೆ ಎಂದೇ ನಾವೆಲ್ಲ ಕಲಿತದ್ದು. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬಟಾಣಿ ಗಿಡದಲ್ಲಿ ಇನ್ನೊಂದು ಸಂಗತಿ ಕಂಡರು. ತುದಿ ಕತ್ತರಿಸಿದಾಗ, ಆಕ್ಸಿನ್ ಕಡಿಮೆಯಾದ ಸುದ್ದಿ ಮುಟ್ಟುವ ಮೊದಲೇ ಕೆಳಗಿನ ಮೊಗ್ಗುಗಳು ಎದ್ದಿದ್ದವು. ತುದಿ ಎಳೆದುಕೊಳ್ಳುತ್ತಿದ್ದ ಸಕ್ಕರೆ ಅವಕ್ಕೆ ಸಿಕ್ಕಿತ್ತು. ಅಂದರೆ ಮೊಗ್ಗು ಮಲಗಿದ್ದಕ್ಕೆ ಅಪ್ಪಣೆಯೊಂದೇ ಕಾರಣವಲ್ಲ. ಊಟವೂ ಮುಟ್ಟುತ್ತಿರಲಿಲ್ಲ.

ಅದನ್ನು ಓದಿದಾಗ ನೆನಪಾದದ್ದು ನಮ್ಮ ಮನೆ. ಅಕ್ಕ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ವರ್ಷ ಕೊಬ್ಬರಿ ರೇಟು ಬಿದ್ದಿತ್ತು. ಓದಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಇದ್ದ ದುಡ್ಡು ನನ್ನ ಶಾಲೆಗೂ ಹಾಸ್ಟೆಲಿಗೂ ಬಂತು, ಅಷ್ಟೇ. ಮನೆಯ ಸುಳಿ ನಾನು ಎಂದು ಎಲ್ಲರೂ ನಂಬಿದ್ದರು, ಅಕ್ಕನೂ ಸೇರಿ.

ಬಟಾಣಿ ಗಿಡದ ವಿಷಯ ಹೇಳಿದೆ. ಅವಳು ಕತ್ತರಿ ಒರೆಸುತ್ತಾ ಕೇಳಿಸಿಕೊಂಡಳು.

“ಹಂಗಂತ ನಿನ್ನ ಕಡಿದಿದ್ರೆ ನಾನು ಚಿಗುರ್ತಿದ್ನೇನೋ? ಕಡಿಯೋದು ಒಂದು ದಿನದ ಕೆಲಸ ಕಣೋ. ಆಮೇಲೆ ನೀರು ಗೊಬ್ಬರ ಕೊಡ್ದೆ ಹೋದ್ರೆ ಯಾವ ಬುಡಾನೂ ಏಳಲ್ಲ” ಅಂದಳು.

ಈ ವರ್ಷ ಅವಳು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಿದ್ದಾಳೆ. ಫೀಸು ದಾಳಿಂಬೆಯ ದುಡ್ಡಿನದು. ಪರೀಕ್ಷೆಯ ದಿನಗಳಲ್ಲಿ ತೋಟಕ್ಕೆ ನೀರು ಬಿಡುವವರು ಯಾರು ಎಂದು ಅಮ್ಮ ಕೇಳಿದರು. ನಾನು ರಜೆಗೆ ಬರೆದುಕೊಟ್ಟಿದ್ದೇನೆ. ಯಾವ ಸಾಲಿಗೆ ಎಷ್ಟು ಹೊತ್ತು ನೀರು ಎಂದು ಅಕ್ಕ ಚೀಟಿ ಬರೆದಿಟ್ಟಿದ್ದಾಳೆ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದಾಳೆ: ಬುಡದ ಚಿಗುರು ಮುಟ್ಟಬೇಡ, ಯಾವುದು ಉಳಿಸಬೇಕು ಅಂತ ನಾನೇ ಬಂದು ನೋಡ್ತೀನಿ.