ಮೂಗಿನ ವಿದ್ಯೆ

ಅವರೆಕಾಯಿ ಕಾಲ ಬಂತೆಂದರೆ ನಮ್ಮ ಬೀದಿಯ ಗೊಬ್ಬರದ ತೊಟ್ಟಿಗೆ ಹಬ್ಬ. ಸೊಗಡು ಬಿಡದ ಸಿಪ್ಪೆ ಬುಟ್ಟಿಗಟ್ಟಲೆ ಬಂದು ಬೀಳುತ್ತದೆ. ಬೇಸಗೆಯಲ್ಲಿ ಮಾವಿನ ಓಟೆ, ಹಲಸಿನ ಸಿಪ್ಪೆ. ಗೌರಿ-ಗಣೇಶ ಮುಗಿದರೆ ಬಾಳೆಲೆ. ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ. ಓಟೆಯಷ್ಟು ಹಠಮಾರಿ ಇನ್ನೊಂದಿಲ್ಲ. ಎಲ್ಲ ಕರಗಿ ಮಣ್ಣಾದ ಮೇಲೂ ಹಾಗೇ ಕೂತಿರುತ್ತದೆ, ಮನಸ್ಸಾದರೆ ಮೊಳಕೆಯನ್ನೂ ಒಡೆಯುತ್ತದೆ.

ಬಿಡುವಿದ್ದಾಗ ಗೊಬ್ಬರ ಮಾಡುವ ಈ ವಿದ್ಯೆಯನ್ನು ನಾಲ್ಕು ಜನಕ್ಕೆ ತೋರಿಸುವುದು ನನ್ನ ಚಟ. ಬೆಂಗಳೂರಿನಲ್ಲಿ ಕಾಂಪೋಸ್ಟ್ ಸಂತೆ ನಡೆದಲ್ಲಿ ಒಂದು ಮೇಜಿನ ಹಿಂದೆ ನಿಲ್ಲುತ್ತೇನೆ. ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ಭಾಷಣದ ಗೊಡವೆಗೆ ಹೋಗದೆ, ಮಾಗಿದ ಗೊಬ್ಬರ ಒಂದು ಹಿಡಿ ಅವರ ಅಂಗೈಗೆ ಹಾಕುತ್ತೇನೆ. ಹಿಂಜರಿದು ಮೂಸುತ್ತಾರೆ, ಆಮೇಲೆ ಇನ್ನೊಮ್ಮೆ ಮೂಸುತ್ತಾರೆ. ಮೊದಲ ಮಳೆಗೆ ನೆಲದಿಂದ ಏಳುವ ಘಮವೇ ಅದು. ಎರಡಕ್ಕೂ ಕಾರಣ ಜಿಯೋಸ್ಮಿನ್. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ.

ಈ ಕಸುಬಿಗೆ ಮೂಗೇ ಗುರು. ಕೊಳೆತ ಮೊಟ್ಟೆಯ ನಾತ ಬಂದರೆ ತೇವ ಹೆಚ್ಚಾಗಿ ಒಳಗೆ ಗಾಳಿಯಾಡುತ್ತಿಲ್ಲ ಎಂದರ್ಥ. ಕೆದಕಿ, ತೆಂಗಿನ ನಾರಿನ ಪುಡಿ ಹಾಕಬೇಕು. ಅಮೋನಿಯಾದ ಘಾಟು ಹೊಡೆದರೆ ಹಸಿಕಸ ಜಾಸ್ತಿಯಾಗಿದೆ, ಒಣ ಎಲೆ ಬೇಕು. ಯಾವ ವಾಸನೆಯೂ ಇಲ್ಲದೆ ಹಾಕಿದ್ದು ಹಾಕಿದಂತೇ ಬಿದ್ದಿದ್ದರೆ ನೀರು ಚಿಮುಕಿಸಿ. ಹುಳಿ ಮಜ್ಜಿಗೆ ಸುರಿದರೆ ಬೇಗ ಕೆಲಸ ಹಿಡಿಯುತ್ತದೆ ಎನ್ನುವ ಅಜ್ಜಿಯರಿದ್ದಾರೆ. ನಾನು ವಾದಿಸುವುದಿಲ್ಲ.

ಹುಳ ಕಂಡಾಗ ಮಾತ್ರ ಎಲ್ಲರಿಗೂ ಗಾಬರಿ. "ಆಂಟೀ, ಡಬ್ಬದ ತುಂಬಾ ಹುಳ! ಬಿಸಾಕಿಬಿಡ್ಲಾ?"

"ಬೇಡ ಕಣಮ್ಮ, ಅವು ಸೋಲ್ಜರ್ ಫ್ಲೈ ಮರಿಗಳು. ಸಂಬಳ ಕೇಳದ ಕೆಲಸಗಾರರು. ಮೇಲೆ ಒಂದಿಷ್ಟು ಎಲೆ ಮುಚ್ಚು."

ಈ ಊರಿಗೆ ಇದು ಹೊಸ ವಿದ್ಯೆಯಲ್ಲ. ಗುಂಡಿಯಲ್ಲಿ ಊರ ಕಸವನ್ನೂ ಮಲವನ್ನೂ ಪದರ ಪದರವಾಗಿ ತುಂಬಿ, ಮೇಲೆ ಮೆತ್ತಿ, ತಿಂಗಳುಗಟ್ಟಲೆ ಮಗುಚದೆ ಬಿಡುವ ಪದ್ಧತಿಯನ್ನು 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ಇಲ್ಲಿಯೇ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು 'ಬೆಂಗಳೂರು ವಿಧಾನ'. ಅಂಥ ಊರಿನ ಕಸ ಲಾರಿಗಳಲ್ಲಿ ಊರಾಚೆಯ ಮಂಡೂರಿಗೆ ಹೋಗಿ ಗುಡ್ಡವಾಯಿತು. ಅಲ್ಲಿನ ಜನ ಬೀದಿಗಿಳಿದ ಮೇಲೆಯೇ ನಮಗೆ ತಿಪ್ಪೆಯ ನೆನಪಾದದ್ದು. ನಾಚಿಕೆಯ ಮಾತು. ಆಮೇಲೆ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರವಾಯಿತು. ಬಗೆಬಗೆಯ ಗೊಬ್ಬರದ ತೊಟ್ಟಿಗಳನ್ನು ಸಾಲಾಗಿಟ್ಟು, ನೋಡಿ, ಮುಟ್ಟಿ ಕಲಿಯಲು ಬಿಟ್ಟರು. ಗೊಬ್ಬರದ ಪಾಠಕ್ಕೆ ಕಪ್ಪುಹಲಗೆಗಿಂತ ಅದೇ ಸರಿ.

ನನಗೆ ತುಂಬ ಹಿಡಿಸುವುದು ದೊಡ್ಡ ರಾಶಿಯನ್ನು ಮಗುಚುವ ಕೆಲಸ. ಒಳಗಿನ ಬಿಸಿ 55 ಡಿಗ್ರಿ ದಾಟಿರುತ್ತದೆ. ಚಳಿಗಾಲದ ಬೆಳಿಗ್ಗೆ ಗುದ್ದಲಿ ಹಾಕಿದರೆ ಹಬೆ ಏಳುತ್ತದೆ. ಬೆಂಕಿಯಿಲ್ಲ, ಕರೆಂಟಿಲ್ಲ, ಬರೀ ಸಿಪ್ಪೆ ಮತ್ತು ಎಲೆ. ಸುತ್ತ ನಿಂತ ಮಕ್ಕಳು ಕೈ ಚಾಚಿ ಕಾಯಿಸಿಕೊಳ್ಳುತ್ತಾರೆ, ಅವರ ಅಮ್ಮಂದಿರು "ಮುಟ್ಟಬೇಡ" ಎನ್ನುತ್ತಲೇ ತಾವೂ ಬಗ್ಗಿ ನೋಡುತ್ತಾರೆ.

ಹಸಿಕಸಕ್ಕೆ ಈ ಊರಲ್ಲಿ ಎಂದೂ ಬರವಿಲ್ಲ, ನಮಗೆ ಸಾಲದೆ ಬರುವುದು ಒಣ ಎಲೆ. ಶಿವರಾತ್ರಿ ಹೊತ್ತಿಗೆ ರಸ್ತೆ ತುಂಬ ಎಲೆ ಉದುರಿದಾಗ ದಯವಿಟ್ಟು ಬೆಂಕಿ ಹಚ್ಚಬೇಡಿ. ಗೋಣಿಚೀಲಕ್ಕೆ ತುಂಬಿ ಗೇಟಿನ ಪಕ್ಕ ಇಡಿ, ಹತ್ತಿರದ ಗೊಬ್ಬರದವರಿಗೆ ಒಂದು ಮಾತು ಹೇಳಿ. ಓಡಿ ಬಂದು ಹೊತ್ತುಕೊಂಡು ಹೋಗುತ್ತೇವೆ.